ಲೀಡರ್ ಬ್ಯಾಡ್ಜ್ ಯಾರಿಗೆ, ಯಾವಾಗ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರದ ಸಭೆಯಲ್ಲಿ ಲೀಡರ್ ಆಯ್ಕೆಯ ಹೊಸ ನಿಯಮದ ಮಾತು ಪೂರ್ತಿಯಾಗಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟು ಬಂದ್ ಇರುವ ಸಮಯವಾದ್ದರಿಂದ ಈ ಸಲ ಅಪ್ಪಂದಿರೂ ಬಹಳ ಮಂದಿ ಬಂದಿದ್ದಿರಿ, ಸಂತೋಷವಾಯಿತು. ಆದರೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಹಿಂದೆ ಕೂತವರಿಗೆ ನನ್ನ ಮಾತು ಅರ್ಧ ಕೇಳಿಸಿತು. ಉಳಿದರ್ಧ ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತನಗೆ ತೋಚಿದ ಹಾಗೆ ಬೆಳೆಯಿತು. “ಹೈಸ್ಕೂಲಿನಲ್ಲಿ ಲೀಡರನ್ನೇ ತೆಗೆದರಂತೆ”, “ಬುದ್ಧಿವಂತ ಮಕ್ಕಳಿಗೆ ಬ್ಯಾಡ್ಜ್ ಇಲ್ಲವಂತೆ”, “ಮಕ್ಕಳ ಕೈಲಿ ಪಾಯಖಾನೆ ತೊಳೆಸುತ್ತಾರಂತೆ”. ಆಗಸ್ಟ್ ಒಂದಕ್ಕೆ ಬೋಟು ಇಳಿದ ಮೇಲೆ ನಿಮ್ಮಲ್ಲಿ ಅನೇಕರು ಕೈಗೆ ಸಿಗುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕೊನೆಯ ಮಾತನ್ನು ಮೊದಲು ಮುಗಿಸುತ್ತೇನೆ. ಶೌಚಾಲಯ ತೊಳೆಯುವ ಕೆಲಸಕ್ಕೆ ನಮ್ಮಲ್ಲಿ ಯಾವ ಮಗುವನ್ನೂ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಇಲಾಖೆ ಅದನ್ನು ನಿಷೇಧಿಸಿದೆ. ನಿಷೇಧಿಸದೇ ಇದ್ದರೂ ಮಾಡಿಸುತ್ತಿರಲಿಲ್ಲ. ಬಿಸಿಯೂಟದ ತನ್ನ ತಟ್ಟೆ ತೊಳೆದಿಡುವುದು, ತಾನು ಕೂತ ಬೆಂಚಿನ ಕೆಳಗಿನ ಕಾಗದದ ಚೂರು ಹೆಕ್ಕುವುದು ಬೇರೆ. ಅದನ್ನು ಮಾಡಿಸುತ್ತೇವೆ, ಮುಂದೆಯೂ ಮಾಡಿಸುತ್ತೇವೆ.

ಇನ್ನು ಬ್ಯಾಡ್ಜಿನ ಸಂಗತಿ. ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೂಲೆಯಲ್ಲಿ ಬರೆಯುವುದು ನಾವು ನೀವು ಓದುವಾಗಲೂ ಇತ್ತು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು. ಜೂನ್‌ನಲ್ಲಿ ನಮ್ಮ ಒಂದು ತರಗತಿಯಲ್ಲಿ ಈ ಪದ್ಧತಿಗೆ ಹೊಸ ಬಾಲ ಬೆಳೆಯಿತು. ಹೆಸರು ಅಳಿಸಬೇಕೆಂದರೆ ಲೀಡರಿಗೆ ಬಾಳೆಹಣ್ಣು ಕೊಡಬೇಕು. ಮೊಟ್ಟೆ ತಿನ್ನದ ಮಕ್ಕಳಿಗೆ ಊಟದ ಜೊತೆ ಕೊಡುತ್ತೇವಲ್ಲ, ಅದೇ ಬಾಳೆಹಣ್ಣು. ಮೊಟ್ಟೆ ತಿನ್ನುವವರು ಅದನ್ನು ಬೇರೆಯವರಿಂದ ಸಾಲ ತರಬೇಕು. ಒಂದು ದಿನ ಚೀಲದೊಳಗೆ ಎರಡು ಹಣ್ಣು ಅಪ್ಪಚ್ಚಿಯಾಗಿ ಗಣಿತದ ಪುಸ್ತಕಕ್ಕೆ ಮೆತ್ತಿಕೊಂಡಾಗ ಕ್ಲಾಸ್ ಟೀಚರಿಗೆ ವಿಷಯ ಗೊತ್ತಾಯಿತು. ನಗು ಬರುತ್ತದೆ, ನಮಗೂ ಬಂತು. ಆದರೆ ಮಕ್ಕಳನ್ನು ಕೂರಿಸಿ ವಿಚಾರಿಸಿದಾಗ ಒಬ್ಬಳು ಹೇಳಿದ್ದು ಕೇಳಿ ನಗು ನಿಂತಿತು: “ಎಲ್ಲರಿಗಿಂತ ಹೆಚ್ಚು ಮಾತಾಡುವುದು ಲೀಡರೇ ಅಕ್ಕೋರೇ. ಅವನ ಹೆಸರು ಬರೆಯುವವರು ಯಾರೂ ಇಲ್ಲ.”

ಆ ಹುಡುಗ ಯಾರೆಂದು ದಯವಿಟ್ಟು ಕೇಳಬೇಡಿ, ಮಕ್ಕಳ ಬಾಯಿಂದಲೂ ಹೊರಡಿಸಬೇಡಿ. ಅವನು ಒಳ್ಳೆಯ ಹುಡುಗ. ಹದಿಮೂರು ಹದಿನಾಲ್ಕರ ಯಾವ ಮಗುವಿನ ಕೈಗೆ ಚಾಕ್‌ಪೀಸ್ ಕೊಟ್ಟು, ಉಳಿದ ನಲವತ್ತು ಮಂದಿಯನ್ನು ಕಾಯಿ ಎಂದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಶಿಕ್ಷಕರೆಲ್ಲ ಕೂತು ಈ ವರ್ಷಕ್ಕೆ ಮಾಡಿಕೊಂಡ ನಿಯಮ ಇಷ್ಟೇ: ಬೋರ್ಡಿನಲ್ಲಿ ಹೆಸರು ಬರೆಯುವುದು ಬಂದ್. ಲೀಡರುಗಳನ್ನು ಆರಿಸುವ ಶಾಲಾ ಸಂಸತ್ತಿನ ಚುನಾವಣೆಗೆ ನಿಲ್ಲಬೇಕೆನ್ನುವ ಮಗು ಮೊದಲು ಒಂದು ತಿಂಗಳು ತನ್ನ ಲೀಡರ್ ತಾನಾಗಿರಬೇಕು. ತಾನೇ ಏಳಬೇಕು, ತನ್ನ ಚೀಲ ತಾನೇ ತುಂಬಬೇಕು, ಹೇಳಿಸಿಕೊಳ್ಳದೆ ಓದಿಗೆ ಕೂರಬೇಕು, ಸಿಟ್ಟು ಬಂದಾಗ ಏನು ಮಾಡಿದೆ ಎಂದು ನೋಡಿಕೊಳ್ಳಬೇಕು. ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು. ಮಳೆ ರಜೆಯ ದಿನವೂ ಬರೆಯಬೇಕು. ಬರೆದದ್ದಕ್ಕೆ ಅಂಕವಿಲ್ಲ. ತಿಂಗಳು ಪೂರೈಸಿದವರೆಲ್ಲ ಚುನಾವಣೆಗೆ ನಿಲ್ಲಬಹುದು. ಮತದಾನ ಎಂದಿನಂತೆ ಮೊಬೈಲ್ ಮತಯಂತ್ರದಲ್ಲಿ. ಆ ಬೀಪ್ ಸದ್ದು ಬಿಟ್ಟುಕೊಡಲು ಮಕ್ಕಳು ತಯಾರಿಲ್ಲ.

ನಿಮ್ಮ ಅಸಮಾಧಾನ ಎಲ್ಲಿದೆ ಎಂದು ನನಗೆ ಗೊತ್ತು. ಹಿಂದೆಲ್ಲ ಅಂಕದಲ್ಲಿ ತರಗತಿಗೆ ಮೊದಲು ಬಂದವರೇ ಚುನಾವಣೆಗೆ ನಿಂತು ಲೀಡರ್ ಆಗುತ್ತಿದ್ದರು. ಈ ಸಲ ಹಾಗಿಲ್ಲ. “ನನ್ನ ಮಗಳು ನೂರಕ್ಕೆ ತೊಂಬತ್ತಾರು ತೆಗೆದಿದ್ದಾಳೆ, ಅವಳಿಗಿಂತ ಯೋಗ್ಯತೆ ಯಾರಿಗಿದೆ” ಎಂದು ತಾಯಿಯೊಬ್ಬರು ಸಭೆಯಲ್ಲಿ ಎದ್ದು ನಿಂತು ಕೇಳಿದರು. ಕೇಳಿದ್ದು ತಪ್ಪಲ್ಲ. ಆ ಮಗಳ ಅಂಕದ ಬಗ್ಗೆ ನಮಗೂ ಹೆಮ್ಮೆಯಿದೆ. ಫಲಿತಾಂಶದ ಫಲಕದಲ್ಲಿ ಅವಳ ಹೆಸರು ಮೇಲೇ ಇರುತ್ತದೆ. ಅವಳ ಬ್ಯಾಡ್ಜನ್ನು ಯಾರೂ ಕಿತ್ತುಕೊಂಡಿಲ್ಲ. ಅವಳೂ ನೋಟ್‌ಬುಕ್ ಬರೆಯಲಿ, ಅವಳೂ ನಿಲ್ಲಲಿ. ಬ್ಯಾಡ್ಜ್ ಅಂಕಕ್ಕೆ ಸಿಗುವ ಬಹುಮಾನ ಅಲ್ಲ ಎಂದಷ್ಟೇ ನಾವು ಹೇಳುತ್ತಿರುವುದು. ಮತ್ತೊಮ್ಮೆ ಹೇಳುತ್ತೇನೆ, ಬುದ್ಧಿವಂತ ಮಕ್ಕಳನ್ನು ಹಿಂದೆ ತಳ್ಳುವ ಉದ್ದೇಶ ನಮಗಿಲ್ಲ. ಓದಿನಲ್ಲಿ ಮುಂದಿರುವ ಮಗು ಇದರಲ್ಲೂ ಮುಂದೆ ಬಂದರೆ ನಮ್ಮಷ್ಟು ಸಂತೋಷ ಪಡುವವರು ಯಾರೂ ಇಲ್ಲ. ಬಾರದಿದ್ದರೆ ಆ ಮಗುವಿನ ಓದಿಗೆ, ಮರ್ಯಾದೆಗೆ ಕುಂದೇನೂ ಇಲ್ಲ. ಆದರೆ ನಿಯಮ ಎಲ್ಲರಿಗೂ ಒಂದೇ. ನಮ್ಮ ಶಿಕ್ಷಕರೊಬ್ಬರ ಮಗನೂ ಇಲ್ಲೇ ಓದುತ್ತಾನೆ, ಅವನಿಗೂ ವಿನಾಯಿತಿ ಕೊಟ್ಟಿಲ್ಲ.

ಸಭೆಯಲ್ಲಿ ನನಗಿಂತ ಚೆನ್ನಾಗಿ ಉತ್ತರ ಕೊಟ್ಟವರು ಬೇಲೇಕೇರಿ ಕಡೆಯ ಒಬ್ಬ ತಂದೆ. ಹಿಂದಿನ ಬೆಂಚಿನಿಂದ ಹೇಳಿದರು (ತಾಂಡೇಲ ಅಂದರೆ ಬೋಟು ನಡೆಸುವವನು, ಕಲಾಸಿ ಅಂದರೆ ಬೋಟಿನ ಕೆಲಸಗಾರ): “ತಾಂಡೇಲನ ಮಗ ಅಂತ ಯಾರೂ ಸೀದಾ ತಾಂಡೇಲ ಆಗೋದಿಲ್ಲ. ಕಲಾಸಿಯಾಗಿ ಬಲೆ ಎಳೀಬೇಕು, ಐಸ್ ಹೊರಬೇಕು. ನಿದ್ದೆ ತಡೆಯೋಕೆ ಬರ್ತದೋ ಇಲ್ಲವೋ ನೋಡ್ತಾರೆ. ನಿದ್ದೆ ಗೆಲ್ಲದವನ ಕೈಲಿ ಬೋಟು ಕೊಟ್ಟರೆ ಎಲ್ಲರದ್ದೂ ಹೋಯ್ತು.” ಅವರು ಕೂತ ಮೇಲೆ ಸಭೆ ಸ್ವಲ್ಪ ಹೊತ್ತು ತಣ್ಣಗಾಯಿತು. ಆಮೇಲೆ ಮತ್ತೆ ಶುರುವಾಯಿತು, ಅದು ಬೇರೆ ಮಾತು.

“ಡೈರಿ ಬರೆದರೆ ನಾಯಕ ಆಗಿಬಿಡುತ್ತಾನಾ” ಎಂಬ ಪ್ರಶ್ನೆಯೂ ಬಂತು. ಆಗುವುದಿಲ್ಲ. ಆದರೆ 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟಾಗ ಗಾಂಧೀಜಿ ಜೊತೆಗೆ ಆರಿಸಿಕೊಂಡದ್ದು ಆಶ್ರಮದ ಶಿಸ್ತಿಗೆ ಒಗ್ಗಿದವರನ್ನು. ನಡೆದು ನಡೆದು ಕಾಲು ಬೊಬ್ಬೆ ಎದ್ದಿದ್ದರೂ ದಿನಾ ಪ್ರಾರ್ಥನೆ, ನೂಲು, ದಿನಚರಿ ತಪ್ಪಬಾರದೆಂಬ ಕಟ್ಟಳೆ ಅವರಿಗಿತ್ತು. ಆ ಸಾಲಿನಲ್ಲಿ ಕರ್ನಾಟಕದಿಂದ ಇದ್ದವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಒಬ್ಬರೇ. ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಅದೇ ಏಪ್ರಿಲ್ 13ಕ್ಕೆ ನಮ್ಮ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿಯೇ ಇರುತ್ತೀರಿ. ಅದಕ್ಕೂ ಎಂಟು ವರ್ಷ ಹಿಂದೆ, 1922ರಲ್ಲಿ, ಚೌರಿ ಚೌರಾದಲ್ಲಿ ಜನ ಠಾಣೆಗೆ ಬೆಂಕಿ ಹಚ್ಚಿ ಪೊಲೀಸರು ಸತ್ತಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸ ಕೂತರು. ಬೆಂಕಿ ಹಚ್ಚಿದವರು ಅವರಲ್ಲ. ಆದರೂ ಬೋರ್ಡಿನ ಮೇಲೆ ಮೊದಲು ತಮ್ಮದೇ ಹೆಸರು ಬರೆದುಕೊಂಡರು. ಇದನ್ನು ಸಮಾಜ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಓದಿಸಿ ಬಿಡುವುದು ಸುಲಭ.

ಹದಿನೈದು ದಿನದ ಪುಸ್ತಕಗಳನ್ನು ಈಗ ನೋಡಿದ್ದೇವೆ. ಮಕ್ಕಳನ್ನು ಕೇಳಿಯೇ ಎರಡು ಇಲ್ಲಿ ಹಾಕುತ್ತಿದ್ದೇನೆ. ಎಂಟನೆಯ ತರಗತಿಯ ಹುಡುಗಿ: “ಆಯಿ ಎಬ್ಬಿಸಲಿಲ್ಲ. ನಾನೂ ಏಳಲಿಲ್ಲ. ಬಸ್ ತಪ್ಪಿತು.” ಮರುದಿನ: “ಎದ್ದೆ. ಬಸ್ಸೇ ಬರಲಿಲ್ಲ.” ಒಂಬತ್ತನೆಯ ತರಗತಿಯ ಹುಡುಗ: “ತಮ್ಮನಿಗೆ ಹೊಡೆದೆ. ಅವನದ್ದು ತಪ್ಪಿರಲಿಲ್ಲ. ಸಿಟ್ಟು ಬಂದದ್ದು ಕ್ರಿಕೆಟ್‌ನಲ್ಲಿ ಔಟಾದದ್ದಕ್ಕೆ.” ಇಷ್ಟು ಬರೆದ ಹುಡುಗನಿಗೆ ನಾನು ಹೇಳುವುದು ಏನೂ ಉಳಿದಿಲ್ಲ. ಇನ್ನು ಕೆಲವು ಪುಸ್ತಕಗಳಲ್ಲಿ “ನಾನು ದಿನಾಲೂ ಬೆಳಿಗ್ಗೆ ಐದು ಗಂಟೆಗೆ ಎದ್ದು ದೇವರಿಗೆ ಕೈಮುಗಿದು ಅಭ್ಯಾಸಕ್ಕೆ ಕೂರುತ್ತೇನೆ” ಎಂದಿದೆ. ಅಕ್ಷರ ದುಂಡಗೆ, ಬಲು ಚಂದ. ಮಗುವಿನದ್ದಲ್ಲ, ಅಮ್ಮನದ್ದು.

ಪ್ರೀತಿಯಿಂದಲೇ ಮಾಡಿದ್ದೀರಿ, ಬೇಸರವಿಲ್ಲ. ಮಗ ಹಿಂದೆ ಬೀಳಬಾರದೆಂಬ ಆಸೆ ಯಾವ ತಾಯಿಗಿಲ್ಲ? ಆದರೂ ಆ ಪುಸ್ತಕಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ಮಕ್ಕಳು ಸೋಮವಾರದಿಂದ ಹೊಸದಾಗಿ ಶುರುಮಾಡಬಹುದು, ಅವರ ಸಲುವಾಗಿ ಚುನಾವಣೆಯನ್ನೂ ಆಗಸ್ಟ್ ಎರಡನೆಯ ವಾರಕ್ಕೆ ಮುಂದೂಡಿದ್ದೇವೆ. ಅಷ್ಟರಲ್ಲಿ ಅವರಿಗೆ ತಿಂಗಳು ತುಂಬುವುದಿಲ್ಲ, ಅದಕ್ಕೆ ರಿಯಾಯಿತಿ ಇದೆ. ನೀವು ಬರೆದುಕೊಡುವುದಕ್ಕೆ ಮಾತ್ರ ಇಲ್ಲ. ಹತ್ತನೆಯ ತರಗತಿಯ ಪೋಷಕರಿಗೆ ಓದು ಹಾಳಾಗುವ ಚಿಂತೆಯಿದೆ. ನಾಲ್ಕು ಸಾಲಿಗೆ ಹತ್ತು ನಿಮಿಷ ಸಾಕು. ರೀಲ್ಸ್‌ಗೆ ಹೋಗುವ ಹೊತ್ತು ಅದಕ್ಕಿಂತ ಹೆಚ್ಚೆಂದು ಮಕ್ಕಳೇ ಬರೆದಿದ್ದಾರೆ.

ನಿಮ್ಮಿಂದ ಕೇಳುವುದು ಇಷ್ಟು: ಈ ತಿಂಗಳು ಮಕ್ಕಳ ಚೀಲ ನೀವು ತುಂಬಬೇಡಿ, ನೋಟ್‌ಬುಕ್ ನೀವು ಮುಟ್ಟಬೇಡಿ.

ಬಸ್ ತಪ್ಪಿಸಿಕೊಂಡು ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವುದಿಲ್ಲ, ಅದರ ಭಯ ಬೇಡ. ಇನ್ನೂ ಮಾತಾಡಬೇಕು ಅನಿಸಿದವರು ಶಾಲಾ ದಿನಗಳಲ್ಲಿ ಸಂಜೆ ನಾಲ್ಕೂವರೆಯ ನಂತರ ಕಚೇರಿಗೆ ಬನ್ನಿ, ಐದೂವರೆಯ ತನಕ ಇರುತ್ತೇನೆ. ಹಾರವಾಡ, ಅವರ್ಸಾ ಕಡೆಯವರು ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡು ಸ್ವಲ್ಪ ಮೊದಲೇ ಬಂದರೂ ಅಡ್ಡಿಯಿಲ್ಲ. ಗುಂಪಿನಲ್ಲಿ ಬರೆಯುವ ಮೊದಲು ಒಂದು ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ