ಕಿತ್ತುಬಂದ ಸ್ಟಾಪರ್ ಪಟ್ಟಿ ಮತ್ತು ನನ್ನ ತೂಕ ಕೇಳಿದ ನಿಮ್ಮ ಸಿಬ್ಬಂದಿ

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು

ವಿಷಯ: ರೋಲರ್ ಬ್ಯಾಲೆನ್ಸ್ ಬೋರ್ಡಿನ ಸ್ಟಾಪರ್ ಕಿತ್ತು, ನಾನು ಬಿದ್ದು ಮಣಿಕಟ್ಟು ಮುರಿದ ಬಗ್ಗೆ, ಆಮೇಲೆ ನೀವು ನಡೆದುಕೊಂಡ ರೀತಿಯ ಬಗ್ಗೆ.

ಮಾನ್ಯರೇ,

ಈ ಪತ್ರಕ್ಕೆ ಮೊದಲು ಏಳು ಸಲ ಫೋನ್ ಮಾಡಿದ್ದೇನೆ. ಏಳು ಸಲವೂ ಸಮಾಧಾನದಿಂದ ಮಾತಾಡಿದ್ದೇನೆ, ಏಳು ಸಲವೂ ಹೊಸ ದೂರು ಸಂಖ್ಯೆ ಬರೆದುಕೊಂಡಿದ್ದೇನೆ. ನಿನ್ನೆ ಸಂಜೆ ನಿಮ್ಮ ಮೆಸೇಜ್ ಬಂತು: ದೂರು ಪರಿಹಾರವಾಗಿದೆ, ಬೋರ್ಡ್ ವಾಪಸ್ ಒಯ್ಯಲು ಸೋಮವಾರ ಹುಡುಗ ಬರುತ್ತಾನೆ. ಹಣದ ಮಾತಿಲ್ಲ, ಬಿದ್ದವಳ ಮಾತಿಲ್ಲ. ನನ್ನ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ. ನಾನು ಹೇಳುತ್ತಿದ್ದೇನೆ, ಮಗ ಬರೆದುಕೊಳ್ಳುತ್ತಿದ್ದಾನೆ.

ಬೋರ್ಡ್ ತರಿಸಿದ್ದು ಅವನಿಗಾಗಿಯೇ. ರಜೆ ಸಿಕ್ಕಾಗಲೆಲ್ಲ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುತ್ತಾನೆ. ದಾವಣಗೆರೆಯವರು ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಉಳಿದ ದಿನ ಕಾಲಿನ ರೂಢಿ ತಪ್ಪಬಾರದು ಅಂತ ಅಲ್ಲಿ ಕಲಿಸುವವರು ರೋಲರ್ ಬೋರ್ಡ್ ಹೇಳಿದರು. ಉರುಳೆಯ ಮೇಲೆ ಹಲಗೆ, ಹಲಗೆಯ ಮೇಲೆ ಪಕ್ಕಕ್ಕೆ ತಿರುಗಿ ಮಂಡಿ ಮಡಿಸಿ ನಿಂತು, ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಭಾರ ಬದಲಿಸುತ್ತ ಇರಬೇಕು. ಅಲೆಯ ಮೇಲೂ ಕಾಲಿಗೆ ಇದೇ ಕೆಲಸ. ಸರ್ಫಿಂಗ್ ಮತ್ತು ಸ್ಕೇಟ್‌ಬೋರ್ಡಿಂಗ್ ಎರಡೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮೊದಲ ಸಲ ಬಂದಾಗ, ನನ್ನ ಮಗ ಟಿವಿ ಮುಂದೆ ಎದ್ದು ನಿಂತೇ ನೋಡಿದ್ದ. ನಮ್ಮ ಮನೆಯಲ್ಲಿ ಈ ಬೋರ್ಡ್ ಆಟದ ಸಾಮಾನಲ್ಲ.

ನಾನು ಹತ್ತಿದ್ದಕ್ಕೂ ಕಾರಣವಿತ್ತು. ಹೋದ ವರ್ಷ ಎಡ ಪಾದದ ಕೀಲು ಉಳುಕಿತ್ತು, ವಾಸಿಯಾದ ಮೇಲೂ ಎರಡು ಸಲ ಹೊರಳಿತು. ಪಾದ ಯಾವ ಕಡೆ ವಾಲುತ್ತಿದೆ ಅಂತ ಮೆದುಳಿಗೆ ತಿಳಿಸುವ ಶಕ್ತಿ ಮಂಕಾಗಿದೆ, ಅಲುಗಾಡುವ ಹಲಗೆಯ ಮೇಲೆ ನಿಂತು ಅದನ್ನು ಮತ್ತೆ ಎಬ್ಬಿಸಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ಎರಡು ತಿಂಗಳು ಅಡುಗೆಕಟ್ಟೆ ಹಿಡಿದುಕೊಂಡು ಉರುಳೆಯಿಲ್ಲದ, ತಗ್ಗಿನ ವಾಬಲ್ ಬೋರ್ಡಿನ ಮೇಲೆ ನಿಂತೆ. ಆಮೇಲೆ ಗೋಡೆ ಹಿಡಿದು, ಆಮೇಲೆ ಬರೀ ಒಂದು ಬೆರಳು ತಾಗಿಸಿ. ಅವಸರ ಮಾಡಿಲ್ಲ, ಅದೆಲ್ಲ ಆದ ಮೇಲೆಯೇ ಮಗನ ರೋಲರ್ ಬೋರ್ಡ್ ಹತ್ತಿದ್ದು. ನಮ್ಮಪ್ಪ ಗರಡಿಮನೆಯಲ್ಲಿ ಬೆಳೆದವರು, ದುರ್ಗಾಂಬಿಕಾ ಜಾತ್ರೆಯ ಕುಸ್ತಿ ಆಡಿದವರು. "ಮೊದಲು ಕಾಲು ನೆಲ ಹಿಡೀಲಿ, ಕೈ ಆಮೇಲೆ" ಅಂತಿದ್ದರು. ಆ ಮಾತು ಕೇಳಿ ಬೆಳೆದವಳು ನಾನು.

ಬೋರ್ಡ್ ಬಂದ 19ನೇ ದಿನ ಬೆಳಿಗ್ಗೆ, ಎಡ ತುದಿಯ ಸ್ಟಾಪರ್ ಪಟ್ಟಿ ಕಿತ್ತಿತು. ಉರುಳೆ ಹಲಗೆಯ ಕೆಳಗಿನಿಂದ ಆಚೆ ಜಾರದಂತೆ ತಡೆಯುವುದು ಆ ಪಟ್ಟಿಯೊಂದೇ. ಉರುಳೆ ಸೀದಾ ಹೊರಗೆ ಹೋಯಿತು, ಹಲಗೆ ನೆಲಕ್ಕೆ ಬಡಿಯಿತು, ನಾನು ಬಲಗೈ ಊರಿದೆ. ನಮ್ಮ ಬೀದಿಯ ಬಡಗಿಗೆ ಹಲಗೆ ತಿರುಗಿಸಿ ತೋರಿಸಿದೆ. ಬಲ ತುದಿಯ ಪಟ್ಟಿಗೆ ನಾಲ್ಕು ಸ್ಕ್ರೂ ಇವೆ. ಎಡ ತುದಿಯಲ್ಲಿ ನಾಲ್ಕು ತೂತಿವೆ, ಒಂದರಲ್ಲೂ ಸ್ಕ್ರೂ ಇಲ್ಲ. ಪಟ್ಟಿಯನ್ನು ಅಂಟು ಹಚ್ಚಿ ಕೂರಿಸಿ, ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ. ನಾಲ್ಕು ಸ್ಕ್ರೂ, ಸ್ವಾಮಿ. ನಾನು ಕೊಟ್ಟದ್ದು 4,850 ರೂಪಾಯಿ.

ಈಗ ನಿಮ್ಮ ಸಿಬ್ಬಂದಿಯ ವಿಷಯ. ನಾಲ್ಕನೆಯ ಕರೆ, ಮಧ್ಯಾಹ್ನ ಊಟದ ಹೊತ್ತು, ಶಾಲೆಯ ಸ್ಟಾಫ್ ರೂಮು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಫೋನ್ ಹಿಡಿಯಲಾಗದು, ಎಡಗೈಯಲ್ಲಿ ಬಿಲ್ಲಿತ್ತು. ಆದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ನನ್ನ ಸಹೋದ್ಯೋಗಿಗಳು ಐದು ಜನ ಡಬ್ಬಿ ಬಿಚ್ಚಿ ಕೂತಿದ್ದರು.

"ಮೇಡಂ, ನಿಮ್ಮ ತೂಕ ಎಷ್ಟು?"

64 ಕೆ.ಜಿ. ಅಂದೆ. ಡಬ್ಬದ ಮೇಲೆ ಗರಿಷ್ಠ ಭಾರ 120 ಕೆ.ಜಿ. ಅಂತ ನೀವೇ ಅಚ್ಚು ಹಾಕಿದ್ದೀರಿ ಅಂತಲೂ ಹೇಳಿದೆ.

"ಎಲ್ಲರೂ ಕಡಿಮೆಯೇ ಹೇಳ್ತಾರೆ ಮೇಡಂ. ಸರಿಯಾಗಿ ಹೇಳಿ."

ಸರಿಯಾಗಿಯೇ ಹೇಳಿದ್ದೇನೆ ಅಂದೆ. ವಯಸ್ಸು ಕೇಳಿದ. 47 ಅಂದೆ.

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಮೇಡಂ? ವಾಕಿಂಗ್ ಮಾಡಬಹುದಲ್ಲ?"

ಮೇಜಿನ ಆಚೆ ಒಬ್ಬರು ತಲೆ ತಗ್ಗಿಸಿದರು. ನಗು ತಡೆದುಕೊಂಡರೋ ನನಗಾಗಿ ನಾಚಿಕೊಂಡರೋ ತಿಳಿಯಲಿಲ್ಲ, ಎರಡೂ ಒಂದೇ ಥರ ಚುಚ್ಚಿತು. ಸ್ಪೀಕರ್ ಆಫ್ ಮಾಡಲು ಎಡಗೈ ಚಾಚಿದೆ, ಬಿಲ್ಲು ಕೆಳಗೆ ಬಿತ್ತು. ಅಷ್ಟರಲ್ಲಿ ಅವನು ಮುಂದಿನದನ್ನು ಹೇಳಿ ಮುಗಿಸಿದ್ದ: ತೂಕದ ಯಂತ್ರದ ಮೇಲೆ ನಿಂತ ಫೋಟೋ ಕಳಿಸಬೇಕು, ಮುಖವೂ ಕಾಣಬೇಕು, ಅಂಕಿಯೂ ಕಾಣಬೇಕು.

ಕಳಿಸಿದೆ. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಸಂಜೆ ಮೆಡಿಕಲ್ ಶಾಪಿನ ಮುಂದೆ, ಔಷಧಿಗೆ ನಿಂತವರ ನಡುವೆ, ಮಗ ನೆಲಕ್ಕೆ ಕೂತು ಕೆಳಗಿನಿಂದ ಫೋಟೋ ತೆಗೆದ. ಮುಖ ಸಿಕ್ಕರೆ ಅಂಕಿ ಸಿಗುತ್ತಿರಲಿಲ್ಲ. ಮೂರನೆಯ ಸಲಕ್ಕೆ ಎರಡೂ ಸಿಕ್ಕವು. ಮಾರನೇ ದಿನ ನಿಮ್ಮ ಉತ್ತರ: ಫೋಟೋ ಸ್ಪಷ್ಟವಾಗಿಲ್ಲ. (ಇಷ್ಟು ಬರೆದುಕೊಳ್ಳುವಷ್ಟರಲ್ಲಿ ಮಗ ಎರಡು ಸಲ ಪೆನ್ನು ಕೆಳಗಿಟ್ಟ.) ಸ್ಕ್ರೂ ಇಲ್ಲದ ನಾಲ್ಕು ತೂತಿನ ಫೋಟೋ ಮೊದಲ ದಿನವೇ ಕಳಿಸಿದ್ದೆ. ಅದರ ಬಗ್ಗೆ ಇವತ್ತಿನವರೆಗೆ ಯಾರೂ ಒಂದು ಪ್ರಶ್ನೆ ಕೇಳಿಲ್ಲ.

ಆನ್‌ಲೈನಿನಲ್ಲಿ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ದೂರು ಅಧಿಕಾರಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ ಅಧಿಕಾರಿ ನೀವೇ. ನನ್ನ ಮೊದಲ ದೂರಿಗೆ ನಿನ್ನೆಗೆ 41 ದಿನ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಊರಿಗೆ ಬಂದು ನಾನು ದಾವೆ ಹೂಡಬೇಕಿಲ್ಲ, ನಾನಿರುವ ಜಿಲ್ಲೆಯಲ್ಲೇ ಹೂಡಬಹುದು. ಇಷ್ಟು ಬೆಲೆಯ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುವ ಅರ್ಜಿ ಸಿದ್ಧವಾಗಿದೆ. ಎಕ್ಸ್‌ರೇ, ಬಿಲ್ಲು, ಬಡಗಿಯ ಹೇಳಿಕೆ, ಏಳು ದೂರು ಸಂಖ್ಯೆ, ತೂಕದ ಯಂತ್ರದ ಮೇಲಿನ ನನ್ನ ಫೋಟೋ, ಎಲ್ಲ ಲಗತ್ತಿಸಿದ್ದೇನೆ. ನಿಮ್ಮ ಹುಡುಗ ಅಂದ ಮಾತಿಗೆ ಸಾಕ್ಷಿ ಹೇಳಲು ಸ್ಟಾಫ್ ರೂಮಿನ ಐದೂ ಜನ ಒಪ್ಪಿದ್ದಾರೆ.

ಈಗ ಹಣ ವಾಪಸ್ ಕೊಡುತ್ತೇವೆ ಅಂದರೂ ನಾನು ಅರ್ಜಿ ನಿಲ್ಲಿಸುವುದಿಲ್ಲ. ಅದೇ ಹಲಗೆ ಇನ್ನೆಷ್ಟು ಮನೆಗೆ ಹೋಗಿದೆಯೋ, ಅದರ ಮೇಲೆ ಎಷ್ಟು ಮಕ್ಕಳು ನಿಂತಿದ್ದಾರೋ, ಅದನ್ನು ನೀವು ಆಯೋಗದ ಮುಂದೆ ಹೇಳಬೇಕು.

ಸೋಮವಾರ ಹುಡುಗನನ್ನು ಕಳಿಸಬೇಡಿ. ಬೋರ್ಡ್ ಕೊಡುವುದಿಲ್ಲ. ಅದನ್ನು ಗೋಣಿಚೀಲದಲ್ಲಿ ಹೊಲಿದು ಅಟ್ಟದ ಮೇಲಿಟ್ಟಿದ್ದೇನೆ, ಕಿತ್ತ ಪಟ್ಟಿಯ ಸಮೇತ.

ಇಂತಿ,
ನಿಮ್ಮ ಗ್ರಾಹಕಿ
ದಾವಣಗೆರೆ