ಪದ್ಯವನ್ನು ಮಕ್ಕಳ ಕಿವಿಗೆ ಹಿಂದಿರುಗಿಸಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ ನಾನು. ಸೇವೆಯಲ್ಲಿದ್ದಷ್ಟು ದಿನ ಹೇಳಬೇಕಾದುದನ್ನೆಲ್ಲ ಮುಖ್ಯ ಶಿಕ್ಷಕರ ಮೂಲಕ, ಅರ್ಜಿಯ ರೂಪದಲ್ಲಿ, ಕ್ರಮಬದ್ಧವಾಗಿಯೇ ಹೇಳಿದ್ದೇನೆ. ಒಟ್ಟು ಐದು ಅರ್ಜಿ ಬರೆದೆ. ಮೂರಕ್ಕೆ ಸ್ವೀಕೃತಿಯ ಮೊಹರು ಬಿತ್ತು, ಒಂದಕ್ಕೂ ಲಿಖಿತ ಉತ್ತರ ಬರಲಿಲ್ಲ. ಈಗ ನನಗೆ ಮೇಲಧಿಕಾರಿಗಳೆಂದು ಯಾರೂ ಇಲ್ಲ. ಆದ್ದರಿಂದ ತಮಗೇ ನೇರವಾಗಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ ಕನ್ನಡದ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ ಎಂಬುದು ತಮಗೆ ತಿಳಿದೇ ಇದೆ. ಆ 25ರಲ್ಲಿ 5 ಅಂಕವನ್ನು, ಮಗು ಒಂದು ಪದ್ಯವನ್ನು ಲಯ ತಪ್ಪದೆ ಗಟ್ಟಿಯಾಗಿ ಓದುವುದಕ್ಕೆ ಮೀಸಲಿಡಿ.

ಇದನ್ನು ಈಗ ಬರೆಯಲು ಕಾರಣ ಪಕ್ಕದ ಮನೆಯ ಹುಡುಗ. ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ವಾರ ಸಂಜೆ ಗೈಡ್ ಹಿಡಿದು ನಮ್ಮ ಜಗಲಿಗೆ ಬಂದವನು, "ಅಜ್ಜಿ, ಭಾಮಿನಿ ಷಟ್ಪದಿ ಬಾಯಿಪಾಠ ಆಯ್ತು, ಒಪ್ಪಿಸ್ಲಾ?" ಎಂದ. ನನಗೆ ಸಂತೋಷವಾಯಿತು. ಹೇಳಪ್ಪ ಎಂದೆ. ಅವನು ಕಣ್ಣು ಮುಚ್ಚಿಕೊಂಡು, "ಕೊಕ್ಕೆ ಕೊಕ್ಕೆ ಕೊಕ್ಕೆ, ಗೀಟು ಕೊಕ್ಕೆ ಕೊಕ್ಕೆ, ಗೀಟು ಕೊಕ್ಕೆ, ಕೊಕ್ಕೆ ಕೊಕ್ಕೆ ಕೊಕ್ಕೆ ಕೊಕ್ಕೆ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಲಘುವಿನ ಕೊಕ್ಕೆ, ಗುರುವಿನ ಗೀಟು: ಒಂದು ಮಾತ್ರೆಯಲ್ಲಿ, ಅಂದರೆ ಒಂದು ಎಣಿಕೆಯ ಕಾಲದಲ್ಲಿ, ಮುಗಿಯುವ ಅಕ್ಷರ ಲಘು, ಎರಡು ಮಾತ್ರೆ ಹಿಡಿಯುವುದು ಗುರು. ಪದ್ಯ ಯಾವುದಪ್ಪ ಎಂದು ಕೇಳಿದರೆ, "ಪದ್ಯ ಗೊತ್ತಿಲ್ಲ ಅಜ್ಜಿ, ಭಾಮಿನಿ ಅಂತ ಬಂದ್ರೆ ಇದನ್ನೇ ಹಾಕ್ಬೇಕಂತೆ" ಎಂದ.

ಸ್ವಾಮಿ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಭಾಮಿನಿ ಷಟ್ಪದಿ ಮಾತ್ರಾಗಣದ, ಅಂದರೆ ಮಾತ್ರೆ ಎಣಿಸಿ ಗುಂಪು ಕಟ್ಟುವ ಛಂದಸ್ಸು. ಅಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂಬ ಮಾತ್ರೆಗಳ ಲೆಕ್ಕ ಮಾತ್ರ ಸ್ಥಿರವೇ ಹೊರತು, ಗುರು ಎಲ್ಲಿ ಲಘು ಎಲ್ಲಿ ಎಂಬುದು ಸಾಲುಸಾಲಿಗೂ ಬದಲಾಗುತ್ತದೆ. ಒಂದು ಸಾಲಿನ ಗುರುತುಗಳನ್ನು ಉರು ಹೊಡೆದು ಇನ್ನೊಂದು ಸಾಲಿನ ತಲೆಯ ಮೇಲೆ ಹಾಕುವುದೆಂದರೆ, ಒಬ್ಬರ ಅಳತೆ ತೆಗೆದುಕೊಂಡು ಊರಿಗೆಲ್ಲ ಅಂಗಿ ಹೊಲಿದ ಹಾಗೆ. ಆ ಹುಡುಗ ಒಪ್ಪಿಸಿದ ಗುರುತುಗಳು ಕುಮಾರವ್ಯಾಸನ "ತಿಳಿಯ ಹೇಳುವೆ ಕೃಷ್ಣಕಥೆಯನು" ಎಂಬ ಸಾಲಿಗೆ ಒಪ್ಪುತ್ತವೆ. ಆ ಸಾಲನ್ನೇ ಅವನು ಒಮ್ಮೆಯೂ ಕೇಳಿರಲಿಲ್ಲ. ನಾನು ಜಗಲಿಯ ಕಲ್ಲಿನ ಮೇಲೆ ಅಂಗೈ ತಟ್ಟುತ್ತ, ತಕಿಟ ತಕಧಿಮಿ ತಕಿಟ ತಕಧಿಮಿ ಎಂದು ಹೇಳಿಕೊಟ್ಟು, ಅದೇ ತಟ್ಟಿಗೆ ಸಾಲನ್ನು ಕೂಡಿಸಿದೆ. ನಾಲ್ಕನೆಯ ಸಲಕ್ಕೆ ಅವನೇ ತಟ್ಟತೊಡಗಿದ. "ಇದು ಹಾಡಾ ಅಜ್ಜಿ?" ಎಂದು ಕೇಳಿದ. ಅಷ್ಟು ವರ್ಷ ಕನ್ನಡ ಕಲಿತ ಮಗು ಕೇಳಿದ ಪ್ರಶ್ನೆ ಇದು.

ಛಂದಸ್ಸು ಕಿವಿಯ ವಿದ್ಯೆ ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಸಾವಿರ ವರ್ಷದ ಹಿಂದೆ ನಾಗವರ್ಮ 'ಛಂದೋಂಬುಧಿ'ಯನ್ನು ತನ್ನ ಹೆಂಡತಿಯನ್ನು ಸಂಬೋಧಿಸುತ್ತ, ಎದುರಿಗೆ ಕೂತು ಹೇಳಿಕೊಡುವಂತೆ ರಚಿಸಿದ. ಗಣಗಳ ಹೆಸರು ನೆನಪಿಡಲು ನಾವೆಲ್ಲ ಕಲಿತ "ಗುರುಲಘು ಮೂರಿರೆ ಮನಗಣ" ಎಂಬ ಪದ್ಯವನ್ನೇ ನೋಡಿ: ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯದರಲ್ಲಿ ಐದು. ಕಂದಪದ್ಯದ ಅಳತೆ ಇದೇ, ಆ ಪದ್ಯವೇ ಒಂದು ಕಂದ. ಪ್ರತಿ ಸಾಲೂ 'ಗುರು' ಎಂದೇ ಆರಂಭವಾಗುವುದರಿಂದ ಎರಡನೆಯ ಅಕ್ಷರದ ಪ್ರಾಸವೂ ಅದರಲ್ಲೇ ಇದೆ. ಲಕ್ಷಣ ಹೇಳುವ ಪದ್ಯವೇ ಲಕ್ಷ್ಯವೂ, ಅಂದರೆ ಉದಾಹರಣೆಯೂ ಆಗಿರುವ ಇಂಥ ಸೊಗಸನ್ನು ನಮ್ಮ ಮಕ್ಕಳು ಬಾಯಲ್ಲಿ ಹೇಳಿ ಸವಿಯುವ ಬದಲು, ಗೀಟು ಎಳೆದ ಪಟ್ಟಿಯಲ್ಲಿ ನೋಡಿ ಹೆದರುತ್ತಿದ್ದಾರೆ.

ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಎಷ್ಟು ಬರೆಸಿದರೂ ಮಕ್ಕಳು ಗೀಟನ್ನು ಒತ್ತಕ್ಷರದ ಮೇಲೆಯೇ ಹಾಕುತ್ತಾರೆ. ನಾನು 'ಕತೆ' ಎನ್ನಿಸುತ್ತಿದ್ದೆ, ಆಮೇಲೆ 'ಕತ್ತೆ' ಎನ್ನಿಸುತ್ತಿದ್ದೆ. ತರಗತಿ ನಗುತ್ತಿತ್ತು. ನಗು ನಿಂತ ಮೇಲೆ, ಎರಡನೆಯ ಸಲ ನಾಲಿಗೆ ಎಲ್ಲಿ ತಡೆಯಿತು ಎಂದು ಕೇಳಿದರೆ, ಹಿಂದಿನ ಬೆಂಚಿನವರೂ 'ಕ' ಮೇಲೆ ಎನ್ನುತ್ತಿದ್ದರು. ಆಮೇಲೆ ಆ ತಪ್ಪನ್ನು ಮಾಡುವವರು ಬಹಳ ಕಡಿಮೆ. ಅನುಕರಣಾವ್ಯಯದ ಪಾಠಕ್ಕೆ ಪುಸ್ತಕದ ಪಟಪಟ, ಧಗಧಗಗಳ ಜೊತೆಗೆ ನಿಮ್ಮೂರಿನ ಸದ್ದು ತನ್ನಿ ಎಂದಾಗ, ಆಲೆಮನೆಯಲ್ಲಿ ತಂದೆಯ ಜೊತೆ ದುಡಿಯುತ್ತಿದ್ದ ಹುಡುಗನೊಬ್ಬ ಎದ್ದುನಿಂತು, ಕಬ್ಬಿನಹಾಲು ಕಾಯುವಾಗ ಗುಳುಗುಳು ಎನ್ನುತ್ತದೆ, ಕುದಿ ಬಂದ ಮೇಲೆ ಕೊತಕೊತ ಎನ್ನುತ್ತದೆ, ಪಾಕ ಗಟ್ಟಿಯಾದ ಮೇಲೆ ಲೊಚಲೊಚ ಎನ್ನುತ್ತದೆ, ಆ ಸದ್ದು ಕೇಳಿದ ಕೂಡಲೇ ಕೊಪ್ಪರಿಗೆ ಇಳಿಸಬೇಕು ಎಂದು ಹೇಳಿದ. ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಬಾಯಿ ಬಿಡದ ಹುಡುಗ ಅವನು. ಶಬ್ದದ ಪಾಠ ಅವನ ಮನೆಯಿಂದಲೇ ಬಂತು.

ಪ್ರಾಸದ ವಿಷಯದಲ್ಲಂತೂ ಮಕ್ಕಳಿಗೆ ಸಿಗುವ ನೋಟ್ಸಿನಲ್ಲಿ ಸಾಲಿನ ಕೊನೆಗೆ ಒಂದೇ ಅಕ್ಷರ ಬರುವುದು ಎಂದಷ್ಟೇ ಇರುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿಯುವ ಆದಿಪ್ರಾಸ ನಮ್ಮ ಕಾವ್ಯದ ದೊಡ್ಡ ಕಟ್ಟು ಎಂದು ತಿಳಿಯದ ಮಗುವಿಗೆ, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟದ್ದು ಯಾಕೆ ಅಷ್ಟು ದೊಡ್ಡ ಮಾತಾಯಿತು ಎಂಬುದು ಹೇಗೆ ಅರ್ಥವಾಗಬೇಕು? ಅಲಂಕಾರಗಳ ಕಥೆಯೂ ಇದೇ. ಉಪಮೇಯ, ಉಪಮಾನ ಎಂದು ಗೆರೆ ಎಳೆದು ಬರೆಯುತ್ತಾರೆ, ಹೋಲಿಕೆಯನ್ನು ಸವಿಯುವುದಿಲ್ಲ.

ಈಗ ನನ್ನನ್ನು ಇಷ್ಟು ವರ್ಷ ಕೊರೆಯುತ್ತಿರುವ ಎರಡು ಸಂಗತಿಗಳನ್ನು ಹೇಳಬೇಕು. ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳು ಡೆಸ್ಕಿನ ಮೇಲೆ ತಾಳ ಹಾಕುತ್ತ ಪದ್ಯ ಹೇಳುತ್ತಿದ್ದಾಗ, ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬಾಗಿಲಲ್ಲೇ ನಿಂತು, "ಇದೇನು ತರಗತಿಯೋ ಭಜನೆ ಮನೆಯೋ?" ಎಂದರು. ಮಕ್ಕಳ ಎದುರಿಗೇ ಎಂದರು. ಪಾಸಾಗಲು ಬೇಕಾದಷ್ಟನ್ನೇ ಕಟ್ಟಿಕೊಡುವ ಪಾಸಿಂಗ್ ಪ್ಯಾಕೇಜಿನಲ್ಲಿ ಕೊಟ್ಟಿರುವ ಪದ್ಯಗಳ ಪ್ರಸ್ತಾರವನ್ನು, ಅಂದರೆ ಗುರುಲಘು ಗುರುತುಗಳನ್ನು, ಬರೆಸಿದರೆ ಸಾಕು, ಫಲಿತಾಂಶ ಕಡಿಮೆಯಾದರೆ ಶಿಕ್ಷಕಿಯೇ ಹೊಣೆ ಎಂದು ಸಂದರ್ಶನ ಪುಸ್ತಕದಲ್ಲಿ ಬರೆದು ಹೋದರು. ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಕೂತು ಅತ್ತದ್ದನ್ನು ಬರೆಯಲು ನಾಚಿಕೆಯೇನೂ ಇಲ್ಲ. ಮರುದಿನದಿಂದ ನನ್ನ ಮಕ್ಕಳು ಸದ್ದಾಗದಂತೆ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕಿಕೊಳ್ಳುವುದನ್ನು ಕಲಿತರು.

ಎರಡನೆಯದು ಅದಕ್ಕಿಂತ ಹೆಚ್ಚಿನದು. ಕೆಲವು ವರ್ಷಗಳ ನಂತರ, ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕುಮಾರವ್ಯಾಸನ ಇದೇ ಸಾಲನ್ನೂ ಅದರ ಮುಂದಿನ ಸಾಲನ್ನೂ ಕೊಟ್ಟು ಪ್ರಸ್ತಾರ ಹಾಕಿ ಗಣ ವಿಂಗಡಿಸಲು ಕೇಳಿದ್ದರು. ಎರಡನೆಯ ಸಾಲು "ಇಳೆಯ ಜಾಣರು ಮೆಚ್ಚುವಂತಿರೆ" ಎಂದು ಇರಬೇಕು. ಅಚ್ಚಿನಲ್ಲಿ 'ಯ' ಬಿಟ್ಟುಹೋಗಿ "ಇಳೆ ಜಾಣರು ಮೆಚ್ಚುವಂತಿರೆ" ಎಂದಾಗಿತ್ತು. ನನ್ನ ತರಗತಿಯ ಒಬ್ಬ ಹುಡುಗಿ, ಸೋಬಾನೆ ಪದ ಹೇಳುವ ಅಜ್ಜಿಯ ಮೊಮ್ಮಗಳು, ತೊಡೆಯ ಮೇಲೆ ಬೆರಳಾಡಿಸಿ ನೋಡಿದ್ದಾಳೆ, ಸಾಲು ನಿಲ್ಲಲಿಲ್ಲ. ಪರೀಕ್ಷೆ ಮುಗಿಸಿ ಹೊರಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದು ಹೇಳಿದ ಮೊದಲ ಮಾತು, "ಮೇಡಂ, ಎರಡ್ನೇ ಸಾಲು ಕುಂಟ್ತದೆ." ಉತ್ತರ ಪತ್ರಿಕೆಯಲ್ಲಿ ಅವಳು ಪ್ರಶ್ನೆಯಲ್ಲಿ ಕೊಟ್ಟಿದ್ದ ಅಕ್ಷರಗಳಿಗೆ ಸರಿಯಾಗಿ ಪ್ರಸ್ತಾರ ಹಾಕಿ, ಅದರ ಕೆಳಗೆ, "ಈ ಸಾಲಿನಲ್ಲಿ 13 ಮಾತ್ರೆ ಮಾತ್ರ ಬರುತ್ತದೆ. 14 ಆಗಬೇಕು. ಮೊದಲ ಗಣದಲ್ಲಿ ಒಂದು ಲಘು ಬಿಟ್ಟುಹೋಗಿದೆ" ಎಂದು ಬರೆದಿದ್ದಳು.

ಅವಳಿಗೆ ಸೊನ್ನೆ ಬಿತ್ತು.

ಉಳಿದ ಮಕ್ಕಳು ಪ್ಯಾಕೇಜಿನ ಗುರುತುಗಳನ್ನು ನೆನಪಿನಿಂದ ಇಳಿಸಿದ್ದರು. ಅಕ್ಷರ ಒಂದು ಕಡಿಮೆ, ಗುರುತು ಮಾತ್ರ ಪೂರ್ತಿ. ಹಲವರ ಉತ್ತರದಲ್ಲಿ ಕೆಳಗೆ ಅಕ್ಷರವೇ ಇಲ್ಲದ ಒಂದು ಕೊಕ್ಕೆ ಗಾಳಿಯಲ್ಲಿ ನೇತಾಡುತ್ತಿತ್ತು. ಅದಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು, ಪೂರ್ಣ ಅಂಕ. ಇಡೀ ಕೊಠಡಿಯಲ್ಲಿ ಪದ್ಯವನ್ನು ಕೇಳಿಸಿಕೊಂಡವಳು ಅವಳೊಬ್ಬಳೇ, ಅಂಕ ಕಳೆದುಕೊಂಡವಳೂ ಅವಳೊಬ್ಬಳೇ. ನಾನು ಉತ್ತರ ಪತ್ರಿಕೆಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟೆ. ಎರಡು ಬಾರಿ ರಜೆ ಹಾಕಿ, ಬಸ್ಸು ಹಿಡಿದು ಕಚೇರಿಗೆ ಹೋಗಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದೆ. ಕೊನೆಗೆ ಬಾಯಿಮಾತಿನಲ್ಲಿ ಸಿಕ್ಕ ಉತ್ತರ, ಮಾದರಿ ಉತ್ತರದಂತೆಯೇ ಮೌಲ್ಯಮಾಪನವಾಗಿದೆ, ಇದು ಪೂರ್ವಸಿದ್ಧತಾ ಪರೀಕ್ಷೆ ತಾನೇ, ಬಿಡಿ ಮೇಡಂ ಎಂದು. ಬಿಡುವುದು ಹೇಗೆ? ಮುಖ್ಯ ಪರೀಕ್ಷೆಗೆ ಮುನ್ನ ಆ ಹುಡುಗಿ ನನ್ನ ಬಳಿ ಬಂದು, "ಮೇಡಂ, ಈ ಸಲ ಎಣಿಸಲ್ಲ, ಬಾಯಿಪಾಠ ಮಾಡಿದ್ದನ್ನೇ ಬರೀತೀನಿ" ಎಂದಳು. ಇಪ್ಪತ್ತೊಂಬತ್ತು ವರ್ಷದ ನನ್ನ ಪಾಠ ಆ ಮಾತಿನೆದುರು ಸೋತು ಕೂತಿತು. ಇದಕ್ಕೆ ಯಾರನ್ನು ಕೇಳಲಿ? ತಮ್ಮನ್ನೇ ಕೇಳುತ್ತಿದ್ದೇನೆ.

ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು, ಮೇಲುಕೋಟೆಯಲ್ಲಿ ಪು.ತಿ. ನರಸಿಂಹಾಚಾರ್ಯರು ಹುಟ್ಟಿದ ಜಿಲ್ಲೆ ಇದು. ಮಳವಳ್ಳಿಯ ಕಡೆ ಇಂದಿಗೂ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯ ಹಾಡುತ್ತಾರೆ. ಅವರಲ್ಲಿ ಯಾರೂ ಗೀಟು, ಕೊಕ್ಕೆ ಹಾಕಿ ಕಲಿತವರಲ್ಲ, ಆದರೂ ಲಯ ಜಾರುವುದಿಲ್ಲ. ಇಂಥ ನೆಲದ ಮಕ್ಕಳಿಗೆ ಲಯ ಕಲಿಸಲು ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಅನುದಾನವೂ ಬೇಡ. 5 ಅಂಕ ಬೇಕು. ಅಂಕವಿಲ್ಲದ ಕೆಲಸಕ್ಕೆ ಇಂದಿನ ಶಾಲೆಯಲ್ಲಿ ಸಮಯ ಸಿಗುವುದಿಲ್ಲ ಎಂಬುದು ನನಗಿಂತ ತಮಗೇ ಹೆಚ್ಚು ಗೊತ್ತು.

ನಾನು ಕಂಡಂತೆ ಆಂತರಿಕ ಅಂಕದ ಬಹುಪಾಲು ಬಣ್ಣದ ಹಾಳೆ ಅಂಟಿಸಿದ ಚಾರ್ಟುಗಳಿಗೆ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಯೋಜನಾ ಪುಸ್ತಕಗಳಿಗೆ ಹೋಗುತ್ತದೆ. ಅದರಲ್ಲಿ ಐದೇ ಅಂಕ ತೆಗೆದು ಓದಿಗೆ ಕೊಡಿ. ಅರವತ್ತು ಮಕ್ಕಳ ತರಗತಿಯಲ್ಲಿ ತಲೆಗೆ ಎರಡು ನಿಮಿಷವೆಂದರೆ ಮೂರು ಅವಧಿಯಲ್ಲಿ ಮುಗಿಯುವ ಕೆಲಸ. ಭಾಮಿನಿಯ ಒಂದು ಪದ್ಯ, ಐದೈದು ಮಾತ್ರೆಯ ನಡೆಯ ವಾರ್ಧಕದ ಒಂದು ಪದ್ಯ, ಇಲ್ಲವೇ ಊರಿನ ಒಂದು ತ್ರಿಪದಿ, ಮಗುವೇ ಆರಿಸಿಕೊಳ್ಳಲಿ. ರಾಗ ಬೇಡ, ಸಂಗೀತಜ್ಞಾನ ಬೇಡ, ಗಣ ಮುರಿಯದಂತೆ ಓದಿದರೆ ಸಾಕು. ತೊದಲುವ ಮಕ್ಕಳಿದ್ದಾರೆ, ಎದ್ದುನಿಂತು ಮಾತಾಡಲು ನಾಚುವವರಿದ್ದಾರೆ. ಅವರು ಇನ್ನೊಬ್ಬರು ಓದುವಾಗ ತಾಳ ಹಾಕಿ ತೋರಿಸಲಿ, ಅದಕ್ಕೂ ಅಷ್ಟೇ ಅಂಕವಿರಲಿ. ಹೀಗೆ ಓದಿ ಬಂದ ಮಗುವಿಗೆ ಪ್ರಸ್ತಾರ ಹಾಕುವುದು ತಾನು ಆಗಲೇ ಕೇಳಿದ್ದನ್ನು ಕಾಗದಕ್ಕೆ ಇಳಿಸುವ ಕೆಲಸವಾಗುತ್ತದೆ.

ಜೊತೆಗೆ ಒಂದು ಸೂಚನೆಯೂ ಹೊರಡಲಿ: ಪದ್ಯಪಾಠದಲ್ಲಿ ಮಕ್ಕಳು ಗಟ್ಟಿಯಾಗಿ ಓದಿದರೆ, ತಾಳ ಹಾಕಿದರೆ, ಅದನ್ನು ಗದ್ದಲವೆಂದು ಯಾರೂ ಸಂದರ್ಶನ ಪುಸ್ತಕದಲ್ಲಿ ಬರೆಯತಕ್ಕದ್ದಲ್ಲ. ಈಗ ಸೇವೆಯಲ್ಲಿರುವ ಕನ್ನಡ ಶಿಕ್ಷಕರಲ್ಲಿ ಹೀಗೆ ಪಾಠ ಮಾಡುವವರು ಇನ್ನೂ ಇದ್ದಾರೆ. ಅವರು ಬಾಗಿಲು ಮುಚ್ಚಿಕೊಂಡು ಮಾಡುತ್ತಿದ್ದಾರೆ.

ಮತ್ತೊಮ್ಮೆ ಹೇಳುತ್ತೇನೆ. 25ರಲ್ಲಿ 5 ಅಂಕವನ್ನು ಪದ್ಯದ ಗಟ್ಟಿ ಓದಿಗೆ ಕೊಡಿ. ಮುಂದಿನ ಶೈಕ್ಷಣಿಕ ವರ್ಷದ ಸುತ್ತೋಲೆಯಲ್ಲಿಯೇ ಕೊಡಿ. ಪರಿಶೀಲಿಸಲಾಗುವುದು ಎಂಬ ಉತ್ತರ ನನಗೆ ಬೇಡ, ಆ ಮಾತು ನನ್ನ ಕಿವಿಗೆ ಬಿದ್ದಷ್ಟು ಸಲ ನನ್ನ ಮಕ್ಕಳ ಕಿವಿಗೆ ಕುಮಾರವ್ಯಾಸ ಬಿದ್ದಿಲ್ಲ. ಆ ಹುಡುಗಿಯ ಉತ್ತರ ಪತ್ರಿಕೆಯ ಪ್ರತಿ ಇನ್ನೂ ನನ್ನ ಬೀರುವಿನಲ್ಲಿದೆ. 13 ಮಾತ್ರೆ ಎಂದು ಅವಳು ಬರೆದ ಸಾಲೂ ಅದರ ಪಕ್ಕದ ಸೊನ್ನೆಯೂ ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ತಾವು ಮಂಡ್ಯಕ್ಕೆ ಬಂದಾಗ ಐದು ನಿಮಿಷ ಕೊಟ್ಟರೆ ತಂದು ತೋರಿಸುತ್ತೇನೆ. ಬೆಂಗಳೂರಿಗೆ ಕರೆದರೆ ಅಲ್ಲಿಗೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಮಂಡ್ಯ