ತಕಿಟ ತಕಿಟ ತಕ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ಕಪಾಟು ಒರೆಸೋಣ ಅಂತ ಹೋಗಿ ಅರ್ಧ ದಿನ ಕಳೆದುಬಿಟ್ಟೆ. ಮೇಲಿನ ಅರೆಯಲ್ಲಿ ಹಳೇ ದುಪಟ್ಟಾ ಸುತ್ತಿಟ್ಟಿದ್ದ ಆ ಡಬ್ಬ ಸಿಕ್ಕಿತು. ಕೊರಿಯಾದ ಹಾಡುಗುಂಪು ಲೆ ಸೆರಾಫಿಮ್ ಹುಡುಗಿಯರ ‘ಅನ್‌ಫರ್ಗಿವನ್’ ಆಲ್ಬಂ. 2023ರ ಮೇ ತಿಂಗಳಲ್ಲಿ ಬಿಡುಗಡೆ ಆಗಿದ್ದೇ ತಡ, ನೀನು ತರಿಸಿಕೊಂಡಿದ್ದೆ. ಅದು ಬಂದ ದಿನ ನಾನು ಎಷ್ಟು ಕೂಗಾಡಿದ್ದೆ ನೆನಪಿದೆಯಾ? ಸಿ.ಡಿ. ಹಾಕೋಕೆ ಮನೆಯಲ್ಲಿ ಪ್ಲೇಯರೇ ಇಲ್ಲ, ನಾಲ್ಕು ಫೋಟೋಗೋಸ್ಕರ ಇಷ್ಟು ದುಡ್ಡಾ ಅಂತ. ‘ಒಂದು ಸಲ ಕೇಳಮ್ಮ’ ಅಂದೆ ನೀನು. ನಾನು ಅಡುಗೆಮನೆಯಿಂದಲೇ ಒಂದೂವರೆ ಹಾಡು ಕೇಳಿ ‘ಇದೇನೇ ಇದು, ಕಲಸುಮೇಲೋಗರ’ ಅಂದುಬಿಟ್ಟೆ. ನೀನು ದಡಾರನೆ ಬಾಗಿಲು ಹಾಕಿಕೊಂಡೆ.

ಈ ವಾರ ಪೂರ್ತಿ ಕೇಳಿದೆ. 13 ಹಾಡೂ. ಫೋನಿನಲ್ಲೇ.

ಮೊದಲು ಜಗಳ ಮುಗಿಸಿಬಿಡುತ್ತೇನೆ. ಇದು ಅವರ ಮೊದಲ ಪೂರ್ತಿ ಆಲ್ಬಂ ಅಂತೆ, ಆದರೆ 13ರಲ್ಲಿ 6 ಹಾಡು ಅದಕ್ಕಿಂತ ಮುಂಚೆ ಬಂದ ಎರಡು ಮಿನಿ ಆಲ್ಬಂಗಳದ್ದೇ. ನಿನ್ನೆಯ ಸಾರು ಬಿಸಿ ಮಾಡಿ ಬಡಿಸಿದ ಹಾಗಾಯಿತಲ್ವಾ? ಆದರೂ ಮೊದಲ ವಾರದಲ್ಲೇ 10 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾದವು. ಬಿಡು.

ಮಜಾ ಏನು ಗೊತ್ತಾ, ನನ್ನ ಕೈ ಹಿಡಿದು ಕೂರಿಸಿದ್ದು ಆ ಹಳೇ ಸಾರೇ. ಅವರೆಕಾಳು ಹಿಚುಕುತ್ತಾ ಕೂತಿದ್ದೆ, ‘ಆ್ಯಂಟಿಫ್ರಜೈಲ್’ ಶುರುವಾಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಎಡಗೈ ತಾನಾಗೇ ಸ್ಟೀಲ್ ತಟ್ಟೆಯ ಅಂಚಿಗೆ ಬಡಿಯುತ್ತಿದೆ. ತಕಿಟ ತಕಿಟ ತಕ. ತಕಿಟ ತಕಿಟ ತಕ. ಮೂರು, ಮೂರು, ಎರಡು. ಒಟ್ಟು ಎಂಟು. ನನ್ನ ಸಂಗೀತ ಜೂನಿಯರ್ ಪರೀಕ್ಷೆಗೇ ನಿಂತುಹೋಯಿತು ಅಂತ ನಿನಗೆ ಗೊತ್ತು, ಆದರೆ ಮೇಷ್ಟ್ರು ತೊಡೆ ಮೇಲೆ ಹಾಕಿಸಿದ ತಾಳ ಇನ್ನೂ ಕೈ ಬಿಟ್ಟು ಹೋಗಿಲ್ಲ. ಆದಿತಾಳದ ಎಂಟನ್ನು ನಾವು ನಾಲ್ಕು, ಎರಡು, ಎರಡು ಅಂತ ಎಣಿಸುತ್ತೇವೆ. ಇಲ್ಲಿ ಅದೇ ಎಂಟನ್ನು ಬೇರೆ ಥರ ಒಡೆದಿದ್ದಾರೆ. ಕೆಳಗೆ ದಪ್ಪ ಪೆಟ್ಟು ಸಮನಾಗಿ ನಡೆಯುತ್ತಾ ಇರುತ್ತದೆ, ಅದರ ಮೇಲೆ ಚುರುಕು ಪೆಟ್ಟು ಎರಡನೇ ‘ತಕಿಟ’ ಶುರುವಾಗೋ ಜಾಗದಲ್ಲಿ ಒಂದು, ಕೊನೆಯ ‘ತಕ’ ಶುರುವಾಗೋ ಜಾಗದಲ್ಲಿ ಒಂದು. ಸೊಂಟ ಅಲ್ಲಾಡೋದು ಆ ಎರಡರಿಂದಲೇ.

ಇದು ರೆಗೆಟಾನ್ ಅಂತ ಆಮೇಲೆ ತಿಳಿಯಿತು. ಪನಾಮಾ ಕಾಲುವೆ ತೋಡೋಕೆ ಜಮೈಕಾದ ಕಡೆಯಿಂದ ಸಾವಿರಾರು ಜನ ಕೂಲಿಗೆ ಹೋಗಿದ್ದರಲ್ಲ, ಅವರ ಮೊಮ್ಮಕ್ಕಳು ಮರಿಮಕ್ಕಳು ಅಲ್ಲೇ ಬೆಳೆದು, ಅಜ್ಜನ ಊರಿನ ಕುಣಿತದ ಹಾಡುಗಳನ್ನು ಸ್ಪ್ಯಾನಿಷ್‌ನಲ್ಲಿ ಹಾಡತೊಡಗಿದರು. ಅಲ್ಲಿಂದ ಅದು ಪೋರ್ಟೊರಿಕೊಗೆ ಹೋಯಿತು. ಅಲ್ಲಿನ ಹುಡುಗರು ಕ್ಯಾಸೆಟ್ ಮಾಡಿ ಹಂಚಿದರೆ, 1995ರಲ್ಲಿ ಪೊಲೀಸರು ಅಂಗಡಿಗಳಿಗೆ ನುಗ್ಗಿ ಆ ಕ್ಯಾಸೆಟ್‌ಗಳನ್ನು ಹೊತ್ತುಕೊಂಡು ಹೋದರಂತೆ, ಅಶ್ಲೀಲ ಅಂತ. ಅದೇ ತಾಳ ಸಿಯೋಲ್ ಸುತ್ತಿ ಈಗ ನನ್ನ ಅವರೆಕಾಳಿನ ತಟ್ಟೆಗೆ ಬಂದಿದೆ.

ಆ ಹಾಡಿನಲ್ಲಿ ಗುಂಪಿನ ಕಝುಹಾ ತಾನು ಬಿಟ್ಟುಬಂದ ಬ್ಯಾಲೆ ಶೂಗಳ ಮಾತು ಎತ್ತುತ್ತಾಳಲ್ಲ, ಅದನ್ನು ಮರೆಯಬೇಡಿ ಅಂತ. ಆ ಹುಡುಗಿ ಜಪಾನಿನವಳು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬ್ಯಾಲೆ ಕಲಿಯುತ್ತಿದ್ದವಳು, ಅದನ್ನು ಬಿಟ್ಟು ಕೊರಿಯಾಗೆ ಹೋದಳು. ಇದು ಗೊತ್ತಾದ ಮೇಲೆ ಆ ಸಾಲನ್ನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ. ನಾನೂ ಬಿಟ್ಟವಳೇ. ಆದರೆ ಬಿಟ್ಟದ್ದನ್ನು ಹೀಗೆ ಎದೆ ಎತ್ತಿ ಹೇಳಿಕೊಳ್ಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ, ಕೇಳಿದವರಿಗೆಲ್ಲ ‘ಸುಮ್ನೆ ಸ್ವಲ್ಪ ದಿನ ಕಲಿತಿದ್ದೆ’ ಅನ್ನುತ್ತಿದ್ದೆ.

‘ಅನ್‌ಫರ್ಗಿವನ್’ ಹಾಡಿನ ಆ ಶಿಳ್ಳೆ ಕೇಳಿ ನಿಮ್ಮಪ್ಪ ಪೇಪರ್ ಕೆಳಗಿಟ್ಟರು. ‘ಕುದುರೆ ಸಿನಿಮಾದ್ದಲ್ವಾ ಇದು?’ ಅಂತ. ಹೌದು, 1966ರ ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’. ನಾವೆಲ್ಲ ಅಪ್ಪಟ ಅಮೆರಿಕದ್ದು ಅಂದುಕೊಂಡಿದ್ದ ಆ ಸಂಗೀತ ಮಾಡಿದವರು ಇಟಲಿಯ ಎನ್ನಿಯೊ ಮೊರಿಕೋನೆ, ನಿರ್ದೇಶಕರೂ ಇಟಲಿಯವರೇ, ಮರುಭೂಮಿ ಇರೋದು ಸ್ಪೇನಿನಲ್ಲಿ! ಇನ್ನು ಕೊರಿಯಾದವರು ಕಲಸಿದ್ದಾರೆ ಅಂತ ಯಾವ ಬಾಯಲ್ಲಿ ಹೇಳಲಿ? ಅದರ ಮೇಲೆ ಗಿಟಾರು ನ್ಯೂಯಾರ್ಕಿನ ನೈಲ್ ರಾಜರ್ಸ್ ಅವರದು. ದೊಡ್ಡ ಕೈ, ಆದರೆ ಅಷ್ಟು ಸದ್ದಿನ ನಡುವೆ ಅವರನ್ನು ಹುಡುಕಬೇಕು. ಮದುವೆಮನೆಗೆ ಹೆಸರಾಂತ ವಿದ್ವಾಂಸರನ್ನು ಕರೆಸಿ ಊಟದ ಹೊತ್ತಿಗೆ ಹಾಡಿಸಿದ ಹಾಗೆ.

ಕೊನೆಯ ‘ಫೈರ್ ಇನ್ ದ ಬೆಲ್ಲಿ’ ನನಗೆ ಹಿಡಿಸಲಿಲ್ಲ. ಸಾಂಬಾ ಥರದ ಗಲಾಟೆ, ಗುಂಪಿನ ಕೂಗು, ಅಷ್ಟೇ. ಜಾತ್ರೆಯ ಫೋಟೋ ನೋಡಿದ ಹಾಗೆ, ಜಾತ್ರೆ ಅಲ್ಲ. ಬಯ್ಯಬೇಡ.

ಆದರೆ ಆ ಉದ್ದ ಹೆಸರಿನ ಹಾಡು, ಈವ್, ಸೈಕಿ, ಬ್ಲೂಬಿಯರ್ಡನ ಹೆಂಡತಿ! ಹಳೇ ಕಥೆಗಳ ಈ ಮೂವರೂ ‘ಬೇಡ’ ಅಂದದ್ದನ್ನೇ ಮಾಡಿದವರು. ಒಬ್ಬಳು ಹಣ್ಣು ತಿಂದಳು, ಒಬ್ಬಳು ದೀಪ ಹಿಡಿದು ಗಂಡನ ಮುಖ ನೋಡಿದಳು, ಒಬ್ಬಳು ಬೀಗ ಹಾಕಿದ್ದ ಕೋಣೆ ತೆಗೆದಳು. ನಿನಗೆ ಯಾಕೆ ಅಷ್ಟು ಇಷ್ಟ ಅಂತ ಈಗ ಅರ್ಥವಾಯಿತು. ಅದರ ತಾಳಕ್ಕೆ ಜೆರ್ಸಿ ಕ್ಲಬ್ ಅನ್ನುತ್ತಾರೆ. ಅಮೆರಿಕದ ಬಾಲ್ಟಿಮೋರಿನ ಕ್ಲಬ್ ಸಂಗೀತ ಕೇಳಿ ನ್ಯೂವಾರ್ಕ್‌ನ ಡಿಜೆಗಳು ಕಟ್ಟಿದ್ದು. ನ್ಯೂವಾರ್ಕ್ ಪುಟ್ಟಿ, ನೀನು ಈಗ ಚಳಿಯಲ್ಲಿ ಬಸ್ಸಿಗೆ ಕಾಯುತ್ತಿರೋ ಊರೇ! ಆ ದಪ್ಪ ಪೆಟ್ಟನ್ನು ಎಣಿಸಿ ನೋಡು. ತಕಧಿಮಿ ತಕಧಿಮಿ ತಕಿಟ ತಕಿಟ ತಕ. ಪ್ರತಿ ಪದದ ಮೊದಲಕ್ಷರಕ್ಕೆ ಒಂದು ಪೆಟ್ಟು, ಒಟ್ಟು ಐದು, ಹದಿನಾರು ಅಕ್ಷರಕ್ಕೆ ಸರಿಯಾಗಿ ಸುತ್ತು ಮುಗಿಯುತ್ತದೆ. ಬಾಲ ನೋಡಿದೆಯಾ? ಅದೇ ಮೂರು, ಮೂರು, ಎರಡು. ಎಲ್ಲಿಯ ಪನಾಮಾ, ಎಲ್ಲಿಯ ನ್ಯೂವಾರ್ಕ್. ಇದು ಹೊಳೆದಾಗ ನಿನಗೆ ಫೋನ್ ಮಾಡೋಣ ಅಂತ ಎದ್ದೆ, ಅಲ್ಲಿ ರಾತ್ರಿ ಎರಡು ಗಂಟೆ. ಅದಕ್ಕೇ ಈ ಪತ್ರ.

ಕಲಸುಮೇಲೋಗರ ಅಂದದ್ದನ್ನು ವಾಪಸ್ ತಗೊಂಡಿದ್ದೇನೆ, ಆ ಕೊನೆಯ ಹಾಡೊಂದು ಬಿಟ್ಟು.

ಎದುರು ಮನೆಯವರ ಮಗ ಮುಂದಿನ ತಿಂಗಳು ಆ ಕಡೆ ಬರುತ್ತಿದ್ದಾನೆ. ಚಟ್ನಿಪುಡಿ, ಕೋಡುಬಳೆ ಜೊತೆ ಈ ಡಬ್ಬವನ್ನೂ ಕಳಿಸುತ್ತೇನೆ. ಫೋಟೋ ಎಲ್ಲ ಎಣಿಸಿಕೋ. ಕಝುಹಾ ಫೋಟೋ ಮಾತ್ರ ಇರೋದಿಲ್ಲ, ಅದು ಫ್ರಿಜ್ ಬಾಗಿಲ ಮೇಲಿದೆ, ಅಲ್ಲೇ ಇರಲಿ.

ನಿನ್ನ
ಅಮ್ಮ